ರಂಜನಿಯ ಹೆಸರಿನ ರಕ್ತ

“ಇವತ್ತ ದವಾಖಾನ್ಯಾಗ ನಿನ್ನ ಹೆಸರು ರಂಜನಿ. ತಿಳೀತಿಲ್ಲೋ? ವಯಸ್ಸು ಕೇಳಿದ್ರ ಇಪ್ಪತ್ನಾಕು ಅನ್ನು. ಲಗ್ನಾಗಿಲ್ಲ ಅನ್ನು.”

ವನಜಾಕ್ಷಿ ರೊಟ್ಟಿ ತಟ್ಟುವ ಕೈ ನಿಲ್ಲಿಸದೆಯೇ ಸೊಸೆಗೆ ಪಾಠ ಹೇಳಿಕೊಟ್ಟಳು. ರಚನಾ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ ಅತ್ತೆಯ ಮುಖ ನೋಡಿದಳು.

“ತಾಳಿ ಏನ್ ಮಾಡ್ಲಿ, ಅತ್ತಿ?”

“ಒಳಗ ಹಾಕ್ಕೊ. ಸೀರಿ ಬ್ಯಾಡ, ರಂಜೀದೊಂದು ಪಂಜಾಬಿ ಡ್ರೆಸ್ ಐತಲ್ಲ, ಅದನ್ನ ಹಾಕ್ಕೊಂಡು ಹೋಗು. ಕಾಲುಂಗುರ ತಗದಿಡು. ಯಾರು ನೋಡ್ತಾರ ಅಲ್ಲಿ?”

“ರಂಜಿಗೆ ಹೇಳೀರೇನು?”

“ಅಕಿಗ್ಯಾಕ ಹೇಳಬೇಕು? ಅಕೀದೇನು ಹೋಗ್ತದ?”

ಇಷ್ಟೆಲ್ಲ ವೇಷ ಯಾಕೆಂದರೆ ಒಂದು ಕಾರ್ಡಿಗಾಗಿ. ಮಾವ ರುದ್ರಪ್ಪ ನಾಗಪುರದ ಸರಕಾರಿ ಕಾರ್ಖಾನೆಯೊಂದರಲ್ಲಿ ಚಾರ್ಜ್‌ಮನ್. ವಿಜಾಪುರದ ಕಡೆಯಿಂದ ಬಂದವನು, ಕ್ವಾರ್ಟರ್ಸಿನಲ್ಲೇ ಕೂದಲು ಬೆಳ್ಳಗಾಗಿತ್ತು. ಕಾರ್ಖಾನೆಯ ದವಾಖಾನೆಯ ಕಾರ್ಡಿನಲ್ಲಿ ಅವನ ಹೆಸರಿತ್ತು, ಹೆಂಡತಿಯ ಹೆಸರಿತ್ತು, ಮದುವೆಯಾಗದ ಮಗಳು ರಂಜನಿಯ ಹೆಸರಿತ್ತು. ಮದುವೆಯಾದ ಮಗನಿಗೂ ಸೊಸೆಗೂ ಅದರಲ್ಲಿ ಜಾಗವಿರಲಿಲ್ಲ. ಮಗ ಅನಿರುದ್ಧ ಊರ ಹೊರಗಿನ ವಾಡಿಯ ಲಾರಿ ಆಫೀಸೊಂದರಲ್ಲಿ ಬುಕಿಂಗ್ ಕ್ಲರ್ಕ್. ಅಲ್ಲಿ ಕಾರ್ಡೂ ಇಲ್ಲ, ದವಾಖಾನೆಯೂ ಇಲ್ಲ, ತಡವಾಗಿ ಹೋದರೆ ಪಗಾರ ಮಾತ್ರ ಕತ್ತರಿಸುತ್ತಾರೆ.

ರಚನಾಳ ಮಗಳು ಚಾರುಲತಾಗೆ ನಾಲ್ಕು ವರ್ಷ. ಥಲಸೀಮಿಯಾ. ಆ ಮಗುವಿನ ಮೈ ತನಗೆ ಬೇಕಾದ ರಕ್ತ ತಾನು ಮಾಡಿಕೊಳ್ಳುವುದಿಲ್ಲ, ಮೂರು ವಾರಕ್ಕೊಮ್ಮೆ ಯಾರದೋ ರಕ್ತ ಏರಿಸಬೇಕು. ಇಂಥ ಮಗುವನ್ನು ಎತ್ತಿಕೊಂಡು ಓಡಾಡುವ ಮನೆಯಲ್ಲಿ ರಚನಾ ಈಗ ಮತ್ತೆ ಬಸುರಿ. ಸರಕಾರಿ ಆಸ್ಪತ್ರೆಯ ಡಾಕ್ಟರ್‌ಬಾಯಿ ಅದನ್ನು ಕೇಳಿದವಳೇ ಬಾಯಿ ಮಾಡಿದ್ದಳು. ಗಂಡ ಹೆಂಡತಿ ಇಬ್ಬರೂ ಮೊದಲು ಸಣ್ಣ ಪರೀಕ್ಷೆ ಮಾಡಿಸಬೇಕು. ಅದು ತಲೆಗೆ ಆರುನೂರು ರೂಪಾಯಿ. ಆಮೇಲೆ ಮುಂಬಯಿಯಲ್ಲಿ ದೊಡ್ಡ ಪರೀಕ್ಷೆ. ಇಬ್ಬರ ರಕ್ತದಲ್ಲೂ ದೋಷ ಎಲ್ಲಿದೆಯೆಂದು ಹುಡುಕಿ, ಗರ್ಭದಿಂದ ಒಂದು ಚೂರು ತೆಗೆದು ತಾಳೆ ನೋಡುತ್ತಾರೆ. ಅದಕ್ಕೆ ಹನ್ನೆರಡು ಸಾವಿರ, ರೈಲು, ವಸತಿ ಬೇರೆ. ಮೂರು ತಿಂಗಳು ತುಂಬುವುದರೊಳಗೆ ಆಗಬೇಕು. ಅದು ತಪ್ಪಿದರೆ ಹೊಕ್ಕುಳಬಳ್ಳಿಯಿಂದ ರಕ್ತ ತೆಗೆಯುವ ಇನ್ನೊಂದು ಪರೀಕ್ಷೆಯಿದೆ, ಅದಕ್ಕೆ ದುಡ್ಡೂ ಹೆಚ್ಚು, ಜೀವದ ಅಂಜಿಕೆಯೂ ಹೆಚ್ಚು.

ಹನ್ನೆರಡು ಸಾವಿರದ ಮಾತಿಗೆ ಇಡೀ ಮನೆ ಕಿವುಡಾಯಿತು. ಆರುನೂರರ ಮಾತು ಮಾತ್ರ ವನಜಾಕ್ಷಿಗೆ ಚೆನ್ನಾಗಿ ಕೇಳಿಸಿತು. ಕಾರ್ಡಿದ್ದರೆ ಕಾರ್ಖಾನೆಯವರು ಪುಕ್ಕಟೆ ಮಾಡಿಸುತ್ತಾರೆ, ಮತ್ಯಾಕೆ ಆರುನೂರು ಚೆಲ್ಲಬೇಕು? ಹೀಗೆ ರಚನಾ ನಾದಿನಿಯ ಹಳದಿ ಡ್ರೆಸ್ಸು ತೊಟ್ಟು, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು, ಲಗ್ನವಾಗಿಲ್ಲವೆಂದು ಹೇಳಿ, ರಂಜನಿಯ ಹೆಸರಿನಲ್ಲಿ ರಕ್ತ ಕೊಟ್ಟು ಬಂದಳು. ಹಿಂದಿರುಗುವಾಗ ಆಟೋದಲ್ಲಿ ಕಾಲುಂಗುರ ಹಾಕಿಕೊಳ್ಳುತ್ತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬ್ಯಾಡ ಅನ್ನಲು ಬಾಯಿಗೆ ಏನಾಗಿತ್ತು?

ವಾರ ಕಳೆಯಿತು. ಅವತ್ತು ಮಧ್ಯಾಹ್ನ ರುದ್ರಪ್ಪ ಊಟಕ್ಕೆ ಬಂದವನು ಬೂಟು ಕಳಚದೆ ಪಡಸಾಲೆಯ ಕುರ್ಚಿಯಲ್ಲಿ ಕುಸಿದ. ರಚನಾ ತಾಟು ಹಚ್ಚಿ ಝುಣಕ ಬಡಿಸಿದರೂ ಏಳಲಿಲ್ಲ.

“ಏನಾತ್ರಿ? ರಿಪೋರ್ಟ್ ಬಂತೇನು?” ವನಜಾಕ್ಷಿ ಕೇಳಿದಳು.

“ಬಂತು. ಕಂಪೌಂಡರ್ ಎಲ್ಲಾರ ಮುಂದ ಒದರಿದ. ‘ರುದ್ರಪ್ಪಾಜೀ, ಆಪ್ ಕೀ ಬೇಟೀ ಕೋ ಥಲಸೀಮಿಯಾ ಮೈನರ್ ಹೈ, ಶಾದೀ ಸೇ ಪಹಲೇ ಲಡಕೇ ಕಾ ಭೀ ಖೂನ್ ಚೆಕ್ ಕರವಾನಾ’ ಅಂದ. ಲಗ್ನಕ್ಕ ಮೊದಲ ಹುಡುಗನ ರಕ್ತಾನೂ ನೋಡಸಬೇಕಂತ.”

“ಒದರ್ಲಿ ಬಿಡ್ರಿ. ಯಾರು ಕೇಳ್ಯಾರ?”

“ಜಯಕ್ಕ. ಬಿ.ಪಿ. ಗುಳಿಗಿ ತೊಗೊಳ್ಳಾಕ ಬಂದು ಅಲ್ಲೇ ಬೆಂಚಿನ ಮ್ಯಾಲ ಕುಂತಿದ್ಲು.”

ವನಜಾಕ್ಷಿ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ನೆಲಕ್ಕಿಟ್ಟಳು. ಜಯಾ ಅಂದರೆ ರುದ್ರಪ್ಪನ ಸೆಕ್ಷನ್ನಿನ ಉಮಾಪತಿಯ ಹೆಂಡತಿ. ಅವರ ಮಗ ಅಮೇಯ ಬ್ಯಾಂಕಿನಲ್ಲಿದ್ದ. ಬಸವ ಜಯಂತಿಯ ದಿನ ರಂಜನಿಗೂ ಅವನಿಗೂ ನಿಶ್ಚಯ ಎಂದು ಮಾತಾಗಿತ್ತು.

“ನೀವೇನಂದ್ರಿ?”

“ಏನನ್ಲಿ? ಅಕಿ ನನ್ನ ಮಗಳಲ್ಲ ಅನ್ಲೇನು? ಹೂಂ ಅಂದೆ.”

“ಹೂಂ ಅಂದ್ರಿ!”

ಅವತ್ತೇ ಸಂಜೆ ಜಯಾಳ ಫೋನು ಬಂತು. ವನಜಕ್ಕಾ, ನಮ್ಮವರು ಸ್ವಲ್ಪ ತಡೀರಿ ಅಂತಾರ, ಅವಸರೇನೈತಿ ಅಂದಳು. ದನಿ ಸಕ್ಕರೆಯಷ್ಟು ಸಿಹಿಯಾಗಿತ್ತು. ಫೋನಿಟ್ಟ ವನಜಾಕ್ಷಿ ಅಡುಗೆಮನೆಗೆ ಬಂದು ರಚನಾಳ ಎದುರು ನಿಂತಳು.

“ಆತೇನು ಸಮಾಧಾನ? ನಿನ್ನ ಕೆಟ್ಟ ರಕ್ತ ನನ್ನ ಮಗಳ ಹೆಸರಿಗೆ ಮೆತ್ತಿಕೊಂತು.”

“ನಾ ಬೇಡಿದ್ನೇನು? ಹೆಸರು ಕೊಟ್ಟಾಕಿ ನೀವು. ಡ್ರೆಸ್ ಕೊಟ್ಟಾಕಿ ನೀವು.”

“ಎದುರು ಮಾತಾಡಬ್ಯಾಡ!”

“ಹಿಂದ ಮಾತಾಡಿದ್ರ ಕೇಳಂಗಿಲ್ಲಲ್ಲ ನೀವು.”

ಶಾಲೆಯಿಂದ ಬಂದ ರಂಜನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅವಳು ಧರಮಪೇಟೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಸಿಟ್ಟು ಬಂದರೆ ಅವಳ ಬಾಯಿಗೆ ಮೊದಲು ಮರಾಠಿ ಬರುತ್ತಿತ್ತು.

“ಮಾಝಂ ನಾವ? ಮಲಾ ವಿಚಾರಲಂ ಕುಣೀ? ನನ್ನ ಕೇಳಿದವ್ರು ಯಾರು? ನನ್ನ ಹೆಸರಂದ್ರ ಓಣ್ಯಾಗಿನ ನಳ ಏನವ್ವಾ, ಯಾರು ಬೇಕಾದ್ರೂ ತಿರುವಿಕೊಂಡು ಕೊಡ ತುಂಬಿಕೊಂಡು ಹೋಗಾಕ?”

“ನಿನ್ನ ಸಲುವಾಗೇ ರೊಕ್ಕ ಉಳಿಸಾಕತ್ತಿದ್ನೆವ್ವಾ, ಲಗ್ನಕ್ಕ ಅಂತ.”

“ಉಳೀತಲ್ಲ ಈಗ! ಲಗ್ನದ ಖರ್ಚೂ ಉಳೀತು. ಹೋಗಿ ಖರೇ ಹೇಳಿ ಬರ್ರಿ. ಅದು ವೈನಿ ರಕ್ತ, ರಂಜೀದಲ್ಲ ಅನ್ರಿ.”

ರುದ್ರಪ್ಪ ಕುರ್ಚಿಯಿಂದಲೇ ಎರಡೂ ಕೈ ಎತ್ತಿದ. “ಹುಚ್ಚಿ ಏನು ನೀ? ಇನ್ನೊಬ್ಬರ ಕಾರ್ಡಿನ ಮ್ಯಾಲ ತಪಾಸಣಿ ಮಾಡಿಸಿದ್ದು ಗೊತ್ತಾದ್ರ ಇನ್ಕ್ವಾಯರಿ ಕುಂಡ್ರಸ್ತಾರ. ನನ್ನ ರಿಟೈರ್‌ಮೆಂಟ್ ಹತ್ರ ಬಂದೈತಿ.”

ಅವತ್ತು ಆ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಂಡರು. ಹೊಟ್ಟೆಯೊಳಗೆ ಒಂದು ಕೂಸಿದೆ, ಅದಕ್ಕೆ ದಿನ ಮಿಂಚುತ್ತಿದೆ ಎಂಬುದು ಒಬ್ಬರಿಗಾದರೂ ನೆನಪಾಯಿತೇ? ರಚನಾ ಕಾದಳು, ಯಾರಾದರೂ ಅನ್ನುತ್ತಾರೇನೋ ಎಂದು. ಯಾರೂ ಅನ್ನಲಿಲ್ಲ.

ಆ ರಿಪೋರ್ಟನ್ನೇ ತೆಗೆದುಕೊಂಡು ಹೋದಾಗ ಡಾಕ್ಟರ್‌ಬಾಯಿ ಓದಿ ಮೇಜಿನ ಮೇಲೆ ಎಸೆದಳು.

“ಈ ರಂಜನಿ ಯಾರು?”

“ನನ್ನ ನಾದಿನಿ. ರಕ್ತ ಮಾತ್ರ ನನ್ನದು, ಮೇಡಂ.”

“ಮುಂಬಯಿಯವರಿಗೆ ಹೀಗೇ ಬರೆದು ಕಳಿಸಲೇ? ನಿನ್ನ ಹೆಸರಿನಲ್ಲಿ ಬೇರೆ ಮಾಡಿಸಿಕೊಂಡು ಬಾ. ಗಂಡನದೆಲ್ಲಿ?”

ರಚನಾ ತಲೆ ತಗ್ಗಿಸಿದಳು. ಮೂರು ವರ್ಷದಿಂದ ಅದೇ ಪ್ರಶ್ನೆ, ಅದೇ ತಗ್ಗಿದ ತಲೆ.

ನಾಗಪುರದ ಬಿಸಿಲು ಆಗಲೇ ಕಾಯತೊಡಗಿತ್ತು. ಸಂಜೆ ಅನಿರುದ್ಧ ಪೈಪು ಹಿಡಿದು ಕೂಲರಿಗೆ ನೀರು ತುಂಬುತ್ತ ನಿಂತಿದ್ದಾಗ ರಚನಾ ಹತ್ತಿರ ಹೋದಳು.

“ರೀ, ನಾಳೆ ಆಫೀಸಿಗೆ ಹೋಗೂ ಮುಂಚೆ ನನ್ನ ಕೂಡ ಲ್ಯಾಬಿಗೆ ಬರ್ರಿ. ಐದು ಮಿನಿಟಿನ ಕೆಲಸ.”

“ನನಗೇನಾಗೇತಿ? ಕಾಲೇಜ್ ಬಿಟ್ಟಾಗಿಂದ ಒಂದು ಗುಳಿಗಿ ನುಂಗಿದವನಲ್ಲ ನಾನು.”

“ಏನೂ ಆಗಿರಂಗಿಲ್ಲ. ಮೈನರ್ ಇದ್ದವ್ರು ಗಟ್ಟಿನ ಇರ್ತಾರ. ನಾ ಗಟ್ಟಿ ಇಲ್ಲೇನು? ತಂದಿ ತಾಯಿ ಇಬ್ಬರ ಕಡೆಯಿಂದ ಬಂದ್ರನ ಕೂಸಿಗೆ ಚಾರೂನ ರೋಗ ಬರೂದು.”

“ಅದೆಲ್ಲಾ ಡಾಕ್ಟರ್ ಮಂದಿ ರೊಕ್ಕ ಮಾಡೋ ಮಾತು. ನಿನಗೈತಿ ಅಂತ ಕಾಗದ ಬಂತಲ್ಲ, ಮುಗೀತು. ರಂಜೀದೊಂದು ದಾರಿಗೆ ಹತ್ಲಿ, ಆಮ್ಯಾಲ ನೋಡೂಣು.”

“ಹೊಟ್ಟ್ಯಾಗಿನ ಕೂಸು ನಿಮ್ಮ ಆಮ್ಯಾಲಕ್ಕ ಕಾಯ್ಕೋಂತ ಕುಂಡ್ರತೈತೇನು? ಚಾರೂಗ ಸೂಜಿ ಚುಚ್ಚಾಗ ಒಂದು ಸಲನಾದ್ರೂ ಕಾಲು ಹಿಡ್ಕೊಂಡೀರೇನು ನೀವು?”

ಕೂಲರ್ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಅವನು ನಳ ನಿಲ್ಲಿಸಲು ಹೋಗುವ ನೆಪದಲ್ಲಿ ಅಲ್ಲಿಂದ ಜಾರಿದ.

ಚಾರೂಗೆ ರಕ್ತ ಏರಿಸುವ ದಿನ ಬಂತು. ಮಗು ತಾಯಿಯ ತೊಡೆಯ ಮೇಲೆ ಮಲಗಿತ್ತು, ಬಾಟಲಿ ತೊಟ್ಟಿಕ್ಕುತ್ತಿತ್ತು. ಅಳುವುದನ್ನು ಅದು ಯಾವಾಗಲೋ ಬಿಟ್ಟಿತ್ತು. ಸಿಸ್ಟರಿಗೆ ತಾನೇ ಕೈ ಚಾಚುತ್ತಿತ್ತು, ಇನ್ನೊಂದು ಕೈಯಲ್ಲಿ ಕಿತ್ತಳೆಯ ತೊಳೆ ಹಿಡಿದುಕೊಂಡು. ರೌಂಡಿಗೆ ಬಂದ ಡಾಕ್ಟರ್‌ಬಾಯಿ ಮಂಚದ ತುದಿಯಲ್ಲಿ ಕೂತು ಒಂದು ಚೀಟಿಯ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಸೊನ್ನೆ ಹಾಕಿ ಗೆರೆ ಎಳೆಯತೊಡಗಿದಳು.

“ಇದು ನೀನು. ಇವನು ನಿನ್ನ ಗಂಡ. ನಿನ್ನ ಗಂಡನ ತಾಯಿ ಏನಂತಾಳೆ?”

“ರೋಗ ನನ್ನ ತವರಿನದು ಅಂತಾರೆ. ನಮ್ಮಪ್ಪನ ಮನೆಯದಂತೂ ಅಲ್ಲವಂತೆ, ಅಮ್ಮನ ಕಡೆಯಿಂದ ಬಂದದ್ದಂತೆ.”

“ನಿನ್ನ ಅಪ್ಪನ ಮನೆಯ ಮೇಲೆ ಅವಳಿಗ್ಯಾಕಪ್ಪ ಅಷ್ಟು ಪ್ರೀತಿ?”

“ನಮ್ಮಪ್ಪ ಅವರ ತಮ್ಮ, ಮೇಡಂ. ನಾನು ಅವರ ತಮ್ಮನ ಮಗಳು. ಸೋದರತ್ತೆಯ ಮಗನಿಗೇ ಕೊಟ್ಟದ್ದು ನನ್ನ.”

ಡಾಕ್ಟರ್‌ಬಾಯಿ ಗಂಡನ ತಾಯಿಯ ಸೊನ್ನೆಯಿಂದ ಒಂದು ಗೆರೆ ಎಳೆದು, ರಚನಾಳ ಅಪ್ಪನ ಸೊನ್ನೆಗೆ ಕೂಡಿಸಿ, ಎರಡರ ಮೇಲೂ ಒಂದೇ ಅಜ್ಜ ಅಜ್ಜಿಯನ್ನು ಕೂರಿಸಿದಳು.

“ರಕ್ತ ನೋಡದೆ ನಾನೇನೂ ಖಾತ್ರಿಯಾಗಿ ಹೇಳುವುದಿಲ್ಲ. ಆದರೆ ಆ ಕಡೆ ಈ ಕಡೆ ಅಂತ ಹುಡುಕುವುದಕ್ಕೆ ನಿಮ್ಮ ಮನೆಗೆ ಎರಡು ಕಡೆ ಎಲ್ಲಿದೆ?”

ರಚನಾಗೆ ಮೈ ಉರಿಯಿತು. ಇಷ್ಟು ಸರಳವಾದ ಮಾತು! ಸೋದರತ್ತೆ ಹುಬ್ಬಳ್ಳಿಯ ತವರಿಗೆ ಬಂದು, ಅಪ್ಪನ ಮುಂದೆ ಸೆರಗೊಡ್ಡಿ, ಹೊರಗಿನ ಹುಡುಗಿ ಬ್ಯಾಡ, ನಮ್ಮ ರಕ್ತ ನಮ್ಮಲ್ಲೇ ಇರಲಿ ಎಂದು ಕೇಳಿಕೊಂಡಿದ್ದನ್ನು ಅವಳು ಬಾಗಿಲ ಮರೆಯಿಂದ ಕೇಳಿದ್ದಳು. ಅದೇ ಬಾಯಿ ಮೂರು ವರ್ಷದಿಂದ ಅವಳ ಅವ್ವನನ್ನು ಬಯ್ಯುತ್ತಿತ್ತು.

ಊಟದ ಹೊತ್ತಿಗೆ ಎಲ್ಲರೂ ಕೂತಿದ್ದರು. ಶೇಂಗಾ ಚಟ್ನಿ ಬಡಿಸುತ್ತ ರಚನಾ ಶುರು ಮಾಡಿದಳು.

“ಅತ್ತಿ, ನಮ್ಮಪ್ಪ ನಿಮಗೇನಾಗಬೇಕು?”

“ಇದೇನು ಕೇಳ್ತಿ? ತಮ್ಮ. ಬೆನ್ನಿಗೆ ಬಿದ್ದ ತಮ್ಮ.”

“ನಿಮ್ಮಿಬ್ಬರಿಗೂ ಅವ್ವ ಅಪ್ಪ ಒಂದ ಅಲ್ಲ? ಹಂಗಾದ್ರ ನನಗ ನಮ್ಮಪ್ಪನಿಂದ, ನಿಮ್ಮ ಮಗಗ ನಿಮ್ಮಿಂದ ಯಾಕ ಬಂದಿರಬಾರದು?”

ಮೊದಲು ಬಾಯಿ ಬಿಟ್ಟವನು ರುದ್ರಪ್ಪ. “ನಮ್ಮ ಕಡೆ ಯಾರಿಗೂ ಇಲ್ಲ, ನೋಡು.” ಇಂಥ ಹೊತ್ತಿನಲ್ಲಿ ನುಣುಚಿಕೊಳ್ಳುವುದು ಆ ಮನುಷ್ಯನಿಗೆ ಚೆನ್ನಾಗಿ ಒಗ್ಗಿತ್ತು. ಕಟ್ಟಿಕೊಂಡ ಹೆಂಡತಿಯನ್ನು ಒಂದೇ ಮಾತಿನಲ್ಲಿ ಒಂಟಿ ಮಾಡಿ ಅವನು ರೊಟ್ಟಿ ಮುರಿದ.

ವನಜಾಕ್ಷಿ ತಾಟು ದೂಡಿ ಎದ್ದಳು. “ನಮ್ಮಪ್ಪ ಎಂಬತ್ತರ ತನಕ ಹೊಲ ಉತ್ತಾನ. ನಮ್ಮವ್ವ ಏಳು ಹಡದಾಳ. ನಮ್ಮ ರಕ್ತಕ್ಕ ಹೆಸರಿಡ್ತಿ ಏನ, ಅದ ಮನೀ ಹುಡುಗಿ ಆಗಿ?”

“ಏಳು ಹಡದು ಎಷ್ಟು ಉಳಿಸಿಕೊಂಡ್ರು, ಅತ್ತಿ? ನೀವ ಹೇಳಿದ್ರಲ್ಲ, ಎರಡು ಕೂಸು ಬೆಳ್ಳಗಾಗಿ ಸತ್ತು, ದೃಷ್ಟಿ ತಾಗಿತ್ತು ಅಂತ.”

ವನಜಾಕ್ಷಿಯ ಕೈ ಮೇಲೆದ್ದಿತು. ರಂಜನಿ ಅದನ್ನು ಗಾಳಿಯಲ್ಲೇ ಹಿಡಿದಳು.

“ಸಾಕವ್ವಾ. ನಾಳೆ ನಾನೂ ವೈನೀನೂ ಲ್ಯಾಬಿಗೆ ಹೋಗ್ತೇವಿ. ನನ್ನ ಪಗಾರ, ನನ್ನ ಹೆಸರು, ನನ್ನ ರಕ್ತ. ಯಾರ ಕಾರ್ಡೂ ಬ್ಯಾಡ.”

“ಬ್ಯಾಡ ರಂಜೀ! ಖರೇನ ಬಂದ್ರ? ಈಗಾದ್ರ ಸುಳ್ಳು ಅಂತ ಮನಸ್ಸಿಗಾದ್ರೂ ಸಮಾಧಾನ ಐತಿ.”

“ಸುಳ್ಳಿನ ಸಮಾಧಾನ ನೀ ಇಟ್ಕೊ.”

ಶಾಲೆಗೆ ಸೂಟಿ ಬಿದ್ದಿತ್ತು. ಬೆಳಿಗ್ಗೆ ಬಿಸಿಲೇರುವ ಮುಂಚೆ ಇಬ್ಬರೂ ಧಂತೋಲಿಯ ಲ್ಯಾಬಿಗೆ ಹೋದರು. ಮರಳಿ ಬರುವಾಗ ರಂಜನಿ ರಸ್ತೆಯ ಬದಿ ತರ್ರಿ ಪೋಹೆ, ಖಾರದ ಸಾರು ಸುರಿದ ಅವಲಕ್ಕಿ, ಕೊಡಿಸಿದಳು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು, ಇಬ್ಬರೂ ಒರೆಸಿಕೊಳ್ಳಲಿಲ್ಲ.

ನಾಲ್ಕು ದಿನಕ್ಕೆ ಎರಡು ರಿಪೋರ್ಟು ಬಂದವು. ರಚನಾ: ಮೈನರ್. ರಂಜನಿ: ಮೈನರ್. ಸುಳ್ಳು ಹೇಳಿ ಬರೆಸಿಕೊಂಡು ಬಂದದ್ದು ಅಕ್ಷರವೂ ಬದಲಾಗದೆ ನಿಜವಾಗಿತ್ತು.

“ಲ್ಯಾಬಿನವರು ಅದಲು ಬದಲು ಮಾಡ್ಯಾರ,” ಎಂದಳು ವನಜಾಕ್ಷಿ. “ನಂದು ತೊಗೊಳ್ಳಿ ನೋಡೂಣು! ನಮ್ಮಪ್ಪನ ರಕ್ತ ಎಂಥಾದ್ದು ಅಂತ ನಾ ತೋರಸ್ತೇನಿ.” ಆ ಹಟಕ್ಕೆ ಆರುನೂರು ರೂಪಾಯಿಯ ಚಿಂತೆ ಬರಲಿಲ್ಲ. ತನ್ನದೇ ಕಾರ್ಡಿದ್ದರೂ ಕಾರ್ಖಾನೆಯ ದವಾಖಾನೆಗೆ ಹೋಗುವ ಧೈರ್ಯ ಮಾಡಲಿಲ್ಲ. ರಂಜನಿಯನ್ನು ಕರೆದುಕೊಂಡು ಹೋಗಿ, ತೋಳು ಚಾಚಿ, ಹೆಸರು ವನಜಾಕ್ಷಿ ಎಂದು ಲ್ಯಾಬಿಗೆಲ್ಲ ಕೇಳುವಂತೆ ಹೇಳಿ ರಕ್ತ ಕೊಟ್ಟು ಬಂದಳು.

ಅವಳ ರಿಪೋರ್ಟನ್ನು ಓದಿ ಹೇಳಿದ್ದು ರಂಜನಿಯೇ. ಮೈನರ್.

ರಚನಾ ಅತ್ತೆ ಅಳಬಹುದು ಎಂದುಕೊಂಡಿದ್ದಳು. ತಪ್ಪಾಯಿತು ಅನ್ನಬಹುದು ಎಂದೂ ಒಂದು ಮೂಲೆಯಲ್ಲಿ ಆಸೆಯಿತ್ತು. ವನಜಾಕ್ಷಿ ಅತ್ತೂ ಇಲ್ಲ, ಅಂದೂ ಇಲ್ಲ. ಕಾಗದವನ್ನು ಮಡಚಿ ದೇವರ ಜಗಲಿಯ ಕೆಳಗೆ ತುರುಕಿದಳು. ಅನಿರುದ್ಧ ವಾಡಿಯಿಂದ ಬಂದು ಬುತ್ತಿ ಡಬ್ಬಿ ಇಡುವಷ್ಟರಲ್ಲೇ ಅವನೆದುರು ನಿಂತಳು.

“ನಾಳೆ ಲ್ಯಾಬಿಗೆ ಹೋಗು.”

“ಅವ್ವಾ, ನಾ ಹೇಳಿದ್ನಲ್ಲ...”

“ಹೋಗು ಅಂದೆ! ಹಡದಾಕಿ ನಾ ಕೊಟ್ಟು ಬಂದೇನಿ, ನಿನಗೇನು ಬ್ಯಾನಿ?”

ಹೆಂಡತಿ ಮೂರು ವರ್ಷ ಬೇಡಿಕೊಂಡರೂ ಆಗದ ಕೆಲಸ ತಾಯಿಯ ಒಂದು ಗದರಿಕೆಗೆ ಆಯಿತು. ಅದನ್ನು ಕಂಡು ರಚನಾಗೆ ಸಂತೋಷವಾಗಲಿಲ್ಲ, ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ರಂಜನಿ ಒಬ್ಬಳೇ ಜಯಾಳ ಮನೆಗೆ ಹೋಗಿ ಬಂದಳು. ಬಂದವಳು ಪರ್ಸನ್ನು ಗೂಟಕ್ಕೆ ಹಾಕಿ, ಒಂದು ಲೋಟ ನೀರು ಕುಡಿದು ಹೇಳಿದಳು.

“ನನಗ ಮೈನರ್ ಐತಿ, ನಿಮ್ಮ ಅಮೇಯಂದೂ ಒಮ್ಮೆ ನೋಡ್ರಿ, ಅವಂಗಿಲ್ಲ ಅಂದ್ರ ಏನೂ ಅಂಜಿಕಿ ಇಲ್ಲ ಅಂದೆ. ನಮ್ಮ ಮನ್ಯಾಗ ಅಂಥಾದ್ದು ಯಾವುದೂ ಇಲ್ಲವ್ವಾ, ನಮ್ಮ ಹುಡುಗ ಯಾಕ ರಕ್ತ ಕೊಡಬೇಕು ಅಂದ್ಲು ಜಯಕ್ಕ. ಅಮೇಯ ಅಲ್ಲೇ ಕುಂತು ಟಿ.ವಿ. ನೋಡಾಕತ್ತಿದ್ದ. ಬ್ಯಾಡ ಬಿಡ್ರಿ ಅಂದು ಎದ್ದು ಬಂದೆ.”

“ಬ್ಯಾಡ ಅಂತ ನೀನ ಅಂದ್ಯಾ?” ವನಜಾಕ್ಷಿ ಕೇಳಿದಳು.

“ನಾನ ಅಂದೆ. ಮನ್ಯಾಗ ಅಣ್ಣ ಒಬ್ಬ ಇದ್ದಾನಲ್ಲ ಅಂಥಾವ, ಸಾಕು.”

ನಿಶ್ಚಯಕ್ಕೆಂದು ತೆಗೆದಿಟ್ಟಿದ್ದ ದುಡ್ಡನ್ನು ರಂಜನಿಯೇ ತಂದೆಯಿಂದ ಹೊರತೆಗೆಸಿ ವೈನಿಯ ಕೈಗಿಟ್ಟಳು. ಮೂರು ತಿಂಗಳು ತುಂಬಲು ಒಂದು ವಾರವೂ ಉಳಿದಿರಲಿಲ್ಲ. ಅನಿರುದ್ಧನದೂ ಮೈನರ್. ಆ ರಿಪೋರ್ಟು ಕೈಗೆ ಬಂದ ದಿನವೇ ಡಾಕ್ಟರ್‌ಬಾಯಿ ಮುಂಬಯಿಗೆ ಫೋನು ಮಾಡಿದಳು. ಬಸವ ಜಯಂತಿಯ ದಿನ ನಿಶ್ಚಯದ ಬದಲು ಗಂಡ ಹೆಂಡತಿ ರಿಸರ್ವೇಶನ್ ಇಲ್ಲದ ಡಬ್ಬಿಯಲ್ಲಿ, ಪಾಯಖಾನೆಯ ಪಕ್ಕ ಟ್ರಂಕಿನ ಮೇಲೆ ಕೂತು ಮುಂಬಯಿಗೆ ಹೋದರು. ಅಲ್ಲಿ ಕೌಂಟರಿನವನು ಹೆಸರು ಕೇಳಿದಾಗ ರಚನಾ ತನ್ನ ಹೆಸರು ಹೇಳಿ, ಅವನು ಬರೆಯುವವರೆಗೂ ಕಣ್ಣು ತೆಗೆಯದೆ ನೋಡಿದಳು. ಹೊಟ್ಟೆಗೆ ಸೂಜಿ ಇಳಿಯುವಾಗ ಹಲ್ಲು ಕಚ್ಚಿ ಚಾರೂನನ್ನು ನೆನೆದಳು.

ಫಲಿತಾಂಶದ ಫೋನು ಬಂದಾಗ ಜೂನ್ ಹತ್ತಿರವಾಗಿತ್ತು. ರಚನಾ ರಿಸೀವರ್ ಹಿಡಿದು ನಿಂತಿದ್ದಳು, ಮನೆಯವರೆಲ್ಲ ಸುತ್ತ ಇದ್ದರು.

“ಮೈನರ್,” ಅಂದಳು ಫೋನಿಟ್ಟು. “ಚಾರೂನಂಗ ಅಲ್ಲ. ನಮ್ಮಂಗ.” ಗೋಡೆಗೆ ಆತು ಕೂತಳು. ರಂಜನಿ ಓಡಿ ಬಂದು ತಬ್ಬಿಕೊಂಡಳು. ಇಬ್ಬರೂ ಗಟ್ಟಿಯಾಗಿ ಅತ್ತರು.

ರುದ್ರಪ್ಪ ಚಪ್ಪಲಿ ಮೆಟ್ಟಿ ಹೋಗಿ ಕಿತ್ತಳೆಯ ಸಂತ್ರಾ ಬರ್ಫಿ ತಂದ. ಎಲ್ಲರ ಬಾಯಿ ಸಿಹಿಯಾಯಿತು. ಒಂದು ತುಂಡು ಬಾಯಿಗೆ ಬಿದ್ದದ್ದೇ ತಡ, ರುದ್ರಪ್ಪನ ನಾಲಗೆಗೆ ಹುರುಪು ಬಂತು.

“ನಾ ಮೊದಲ ಅಂದಿದ್ದೆ, ಏನೂ ಇರಂಗಿಲ್ಲ ಅಂತ. ಹದಿನೈದು ಸಾವಿರ ಸುಮ್ಮಸುಮ್ಮನ ನೀರಾಗ ಹೋತು.”

“ಅದಕ್ಕ ನಾನೂ ಬ್ಯಾಡಂದದ್ದು,” ಎಂದ ಅನಿರುದ್ಧ, ಬೆರಳು ನೆಕ್ಕುತ್ತ.

ವನಜಾಕ್ಷಿ ಇನ್ನೊಂದು ತುಂಡು ತೆಗೆದು ಸೊಸೆಯ ಬಾಯಿಯ ಹತ್ತಿರ ಹಿಡಿದಳು. “ಆದದ್ದಾತು. ಈ ಮೈನರ್ ಗೈನರ್ ಮಾತು ಇನ್ನ ಹೊರಗ ಯಾರ ಮುಂದೂ ಎತ್ತಬ್ಯಾಡ್ರಿ. ರಂಜೀಗೆ ಬ್ಯಾರೆ ಕಡೆ ನೋಡೂದೈತಿ. ಈ ಕೂಸಿಂದಂತೂ ಯಾರಿಗೂ ತಿಳೀಬಾರದು. ತಿನ್ನು ರಚನಾ, ಬಾಯಿ ತಗಿ.”

ರಚನಾ ಬಾಯಿ ತೆರೆಯಲಿಲ್ಲ. ಅತ್ತೆಯ ಮಣಿಕಟ್ಟು ಹಿಡಿದು ಬರ್ಫಿಯನ್ನು ಮೆಲ್ಲಗೆ ಡಬ್ಬಿಗೆ ಇಳಿಸಿದಳು. ಚಾರು ಬಂದು ಅವಳ ತೊಡೆಗೆ ಒರಗಿ ನಿಂತಿತು. ಮಗುವಿನ ಮೊಣಕೈಯ ಒಳಮಗ್ಗುಲಲ್ಲಿ ಹೊಸ ಸೂಜಿಯ ಕಲೆ ಇನ್ನೂ ನೀಲಿಯಾಗಿತ್ತು.

“ನಾಳೆ ಹೊಟ್ಟ್ಯಾಗಿನ ಈ ಕೂಸಿಗೂ ಲಗ್ನದ ವಯಸ್ಸು ಬರತೈತಿ, ಅತ್ತಿ,” ಅಂದಳು. “ಆವಾಗ ಇದರ ಹೆಸರಿನ್ಯಾಗ ಯಾರ ರಕ್ತ ಕೊಡ್ತೀರಿ?”